ಊರ ಕಾವಲೂ ಭಕ್ತರ ಕಾಣಿಕೆಯೂ

(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಉತ್ಸವ ಸಮಿತಿಯವರು ಇಂದು ನನಗೆ ಗೊತ್ತುಮಾಡಿಕೊಟ್ಟಿರುವ ವಿಷಯವು ಪಾಠಶಾಲೆಯ ಪಂಡಿತನಿಗೆ ಒಪ್ಪತಕ್ಕುದಲ್ಲವೆಂದು ನಿಮ್ಮಲ್ಲಿ ಕೆಲವರಿಗೆ ತೋರಬಹುದು. ನನಗೂ ಮೊದಲು ಹಾಗೆಯೇ ತೋರಿತು. ವ್ಯಾಕರಣವನ್ನೂ ಷಟ್‌ಸ್ಥಲವನ್ನೂ ಹೇಳಿಕೊಟ್ಟುಕೊಂಡಿರುವವನಿಗೆ ಪೋಲೀಸು ಠಾಣೆಯ ಗೊಡವೆ ಏತಕ್ಕೆ? ಆದರೆ ಸಂಗತಿಯೇನೆಂದರೆ, ಈ ಉತ್ಸವದ ನಿಧಿಗೆ ಬಂದ ಹಣದಲ್ಲಿ ಒಂದು ಭಾಗವನ್ನು ನಮ್ಮೂರ ಠಾಣೆಯ ಸಲಕರಣೆಗಳಿಗಾಗಿ ಕೊಡಬೇಕೆಂದು ಕೆಲವು ಸದ್ಭಕ್ತರು ಸೂಚಿಸಿರುವರು. ಮಳೆಯಂಗಿ, ಕೈದೀಪ, ಇರುಳಿನಲ್ಲಿ ಹೊಳೆಯುವ ಮೇಲಂಗಿ, ಜನಸಂದಣಿಯನ್ನು ತಡೆಯುವ ಕಬ್ಬಿಣದ ಅಡ್ಡಗಟ್ಟುಗಳು, ಬೀದಿಯ ಕೆಮರಾಗಳು, ಸಾಧ್ಯವಾದರೆ ಒಂದು ಜೀಪು. ಇದು ಅವರ ಪಟ್ಟಿ. ಇದರೊಡನೆ, ಜಾತ್ರೆಯ ಕಾಲದಲ್ಲಿ ಪೋಲೀಸಿನವರಿಗೆ ನೆರವಾಗಲು ಶ್ರೀಮಠದ ತರುಣರದೊಂದು ಸ್ವಯಂಸೇವಕ ದಳವೂ ಆಗಬೇಕೆಂದು ಅವರ ಇಚ್ಛೆ. ಮತ್ತೆ ಕೆಲವರು ಇದನ್ನು ಬಲವಾಗಿ ವಿರೋಧಿಸಿರುವರು. ಅನ್ನಕ್ಕೂ ಅಕ್ಷರಕ್ಕೂ ಬಂದ ಹಣವು ಲಾಠಿಗೆ ಹೋಗಕೂಡದೆಂದು ಅವರ ವಾದ. ಉಭಯ ಪಕ್ಷದವರೂ ನನ್ನಲ್ಲಿಗೆ ಬಂದು, ನಮ್ಮ ಹಿರಿಯರ ಮಾರ್ಗವು ಏನು ಹೇಳುವುದೆಂದು ಕೇಳಿದರು. ನನಗೆ ತೋರಿದುದನ್ನು ತಮ್ಮ ಮುಂದೆ ಬಿನ್ನವಿಸುವೆನು. ಇದರಲ್ಲಿ ನನ್ನದೇ ಒಂದು ತಪ್ಪಿನ ಕಥೆಯೂ ಬರುವುದು, ಅದನ್ನು ಮರೆಮಾಚಲಾರೆನು.

ಮೊದಲು ವಿರೋಧಿಗಳ ಮಾತನ್ನು ತೆಗೆದುಕೊಳ್ಳೋಣ. ಕಾವಲಿನ ಕೆಲಸವು ಶರಣಮಾರ್ಗಕ್ಕೆ ಹೊರತಾದುದೆಂಬುದು ಸರಿಯಲ್ಲ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ತಳವಾರ ಕಾಮಿದೇವಯ್ಯನೆಂಬ ಶರಣನು ಇದ್ದಾನೆ. ಊರನ್ನು ಕಾಯುವುದೇ ಅವನ ಕಾಯಕ. ಅದೇ ಗಣಸಮೂಹದಲ್ಲಿ ಕನ್ನದ ಮಾರಿತಂದೆಯೂ ಇದ್ದಾನೆ. ಇವನ ಹೆಸರೇ ಇವನ ಪೂರ್ವವೃತ್ತಾಂತವನ್ನು ಸಾರುತ್ತದೆ. ಕನ್ನ ಹಾಕುತ್ತಿದ್ದವನೂ ಕನ್ನಗಳ್ಳರನ್ನು ಹಿಡಿಯತಕ್ಕವನೂ ಒಂದೇ ಪಂಕ್ತಿಯಲ್ಲಿ ಕುಳಿತುದು ಬೇರಾವ ದೇಶದ ಧರ್ಮಸಭೆಯಲ್ಲಿ ಉಂಟೋ ನಾನರಿಯೆನು.

ಒಬ್ಬ ತರುಣರು ನನ್ನನ್ನು ಹೀಗೆ ಕೇಳಿದರು: “ಬಸವಣ್ಣನವರ ಮನೆಯ ಆಕಳುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ, ಕರುಗಳು ತಾಯಿಯನ್ನಗಲಿ ಕೂಗಬಾರದೆಂದು ಅವನ್ನೂ ಕಳ್ಳರ ಬಳಿಗೆ ಕಳುಹಿಸಿದರೆಂದು ಹೇಳುವಿರಿ. ಅಂಥವರ ಅನುಯಾಯಿಗಳು ಪೋಲೀಸಿಗೆ ಹಣ ಕೊಡುವುದುಂಟೇ?” ಪ್ರಶ್ನೆಯು ಚೆನ್ನಾಗಿದೆ. ಆದರೆ ಆ ಆಕಳುಗಳು ಬಸವಣ್ಣನವರವು. ತನ್ನ ಆಕಳನ್ನು ಕಳ್ಳನಿಗೆ ಬಿಟ್ಟುಕೊಡುವ ಅಧಿಕಾರ ತನಗುಂಟು. ನೆರೆಮನೆಯ ಬಡವಿಯ ಆಕಳನ್ನು ಬಿಟ್ಟುಕೊಡುವ ಅಧಿಕಾರ ಯಾವ ಮಹಾತ್ಮನಿಗೂ ಇಲ್ಲ. ಅವಳ ಆಕಳು ಅವಳ ಕೊಟ್ಟಿಗೆಗೆ ಹಿಂದಿರುಗಬೇಕಾದರೆ ಯಾರಾದರೂ ಎದ್ದು ಹೋಗಬೇಕು. ಹಾಗೆ ಎದ್ದು ಹೋದವರ ನೆನಪೇ ನಮ್ಮ ಹಳ್ಳಿಗಳ ಗುಡಿಯ ಮುಂದೆಯೂ ಕೆರೆಯ ಏರಿಯ ಮೇಲೆಯೂ ನಿಂತಿರುವ ವೀರಗಲ್ಲುಗಳು. ಅವುಗಳಲ್ಲಿ ಅನೇಕವು ರಾಜರ ಯುದ್ಧದಲ್ಲಿ ಮಡಿದವರವಲ್ಲ. ತುರುಗೊಳ್ಳುವಾಗ, ಎಂದರೆ ದನಗಳ್ಳರು ಊರ ಹಿಂಡನ್ನು ಅಟ್ಟಿಕೊಂಡು ಹೋದಾಗ, ಅಡ್ಡನಿಂತು ಪ್ರಾಣ ಕೊಟ್ಟವರವು.

ಇಲ್ಲಿಂದಲೇ ಕಾಣಿಕೆಯ ವಿಚಾರಕ್ಕೆ ಬರಬಹುದು. ಕಾದಿ ಮಡಿದವನ ಮನೆಯವರಿಗೆ ಭೂಮಿಯನ್ನು ಬಿಡುವುದು ಕನ್ನಡನಾಡಿನ ಪದ್ಧತಿಯಾಗಿದ್ದಿತು. ಅದಕ್ಕೆ ನೆತ್ತರುಗೊಡಗೆಯೆಂದು ಹೆಸರು. ಮಾತಿನಲ್ಲಿಯೇ ಅರ್ಥವಿದೆ: ನೆತ್ತರಿಗೆ ಪ್ರತಿಯಾಗಿ ಕೊಟ್ಟ ಕೊಡುಗೆ. ಹಾಸನ ಜಿಲ್ಲೆಯ ಹಲ್ಮಿಡಿಯ ಶಾಸನವನ್ನು ತಾವೆಲ್ಲರೂ ಕೇಳಿರುವಿರಿ. ನಮ್ಮ ನುಡಿಯ ಅತಿ ಪ್ರಾಚೀನ ಶಾಸನಗಳಲ್ಲೊಂದಾದ ಅದರ ವಿಷಯವಾದರೂ ಏನು? ಕಾಳಗದಲ್ಲಿ ಶೌರ್ಯ ತೋರಿದವನಿಗೆ ಹಳ್ಳಿಗಳನ್ನು ಬಾಳ್ಗಚ್ಚಾಗಿ ಕೊಟ್ಟುದು. ಬಾಳ್ ಎಂದರೆ ಕತ್ತಿ. ಕತ್ತಿಯ ನೆತ್ತರನ್ನು ತೊಳೆದು ಕೊಡುವ ದತ್ತಿಯು ಬಾಳ್ಗಚ್ಚು. ನಾಯಿಗೂ ಈ ಮರ್ಯಾದೆ ಸಂದಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಒಂದು ಕಲ್ಲು ದೊರೆತಿದೆ. ಗಂಗರ ಬೂತುಗನಿಂದ ಮಣಲರನು ಬೇಡಿ ಪಡೆದ ಕಾಳಿಯೆಂಬ ನಾಯಿಯು ಹಂದಿಯೊಡನೆ ಹೋರಾಡಿ, ಹಂದಿಯೂ ನಾಯಿಯೂ ಜೊತೆಯಲ್ಲಿ ಸತ್ತವು. ಆ ನಾಯಿಗಾಗಿ ಕಲ್ಲನ್ನು ನಿಲ್ಲಿಸಿ, ಕಲ್ಲಿನ ಪೂಜೆಗೆ ಭೂಮಿಯನ್ನು ಬಿಟ್ಟರು. ಪೋಲೀಸು ನಾಯಿಗಳ ಪ್ರದರ್ಶನವನ್ನು ನೋಡಿ ನಗುವ ಹುಡುಗರಿಗೆ ನಾನು ಈ ಕಥೆಯನ್ನು ಹೇಳುವುದುಂಟು.

ಈ ದತ್ತಿಗಳಲ್ಲಿ ಗಮನಿಸತಕ್ಕುದು ಯಾವುದೆಂದರೆ, ಇವನ್ನು ಕೊಟ್ಟುದು ಕೃತ್ಯವಾದ ಬಳಿಕ. ಕೊಟ್ಟುದನ್ನು ಬರೆದುದು ಎಲ್ಲರೂ ಓದತಕ್ಕ ಕಲ್ಲಿನ ಮೇಲೆ. ಮುಂದೆ ಆಗಬೇಕಾದ ಉಪಕಾರವನ್ನು ನೆನೆದು ಗುಟ್ಟಾಗಿ ಕೊಟ್ಟುದಲ್ಲ.

ದಿನನಿತ್ಯದ ಕಾವಲಿಗೆ ಬೇರೆಯ ವ್ಯವಸ್ಥೆ ಇದ್ದಿತು. ಹಳ್ಳಿಯ ಆಯಗಾರರಲ್ಲಿ ತಳವಾರನೂ ಒಬ್ಬನು. ಸುಗ್ಗಿಯಲ್ಲಿ ಪ್ರತಿಯೊಬ್ಬ ಒಕ್ಕಲಿಗನ ಕಣದಿಂದಲೂ ಅವನಿಗೆ ಆಯದ ಕಾಳು ಸಲ್ಲುತ್ತಿದ್ದಿತು. ದೊಡ್ಡ ಕಣದಿಂದಲೂ ಬಂದಿತು, ಸಣ್ಣ ಕಣದಿಂದಲೂ ಬಂದಿತು. ಆದುದರಿಂದ ಅವನು ಒಬ್ಬರ ಮನೆಯ ಕಾವಲುಗಾರನಾಗದೆ ಊರ ಕಾವಲುಗಾರನಾದನು. ಆ ಪದ್ಧತಿಯು ಸತ್ಯಯುಗದ್ದೆಂದು ನಾನು ಹೇಳುತ್ತಿಲ್ಲ. ತಳವಾರನ ಮಗನು ತಳವಾರನೇ ಆಗಬೇಕಾಗಿದ್ದಿತು. ಅವನ ಹೊಟ್ಟೆ ತುಂಬಿತೋ ಇಲ್ಲವೋ ಕೇಳಿದವರು ಕಡಿಮೆ. 1961ರ ಶಾಸನದಿಂದ ಆ ವಂಶಪಾರಂಪರ್ಯದ ಹುದ್ದೆಗಳು ರದ್ದಾದುವು, ಒಳ್ಳೆಯದೇ ಆಯಿತು. ಆದರೆ ಕಾಯುವವನ ಅನ್ನವು ಎಲ್ಲರ ಕಣದಿಂದ ಬರಬೇಕೆಂಬ ತತ್ತ್ವವು ರದ್ದಾಗಲಿಲ್ಲ. ಇಂದು ಕಂದಾಯದ ರೂಪದಲ್ಲಿ ಅದು ನಡೆದಿದೆ. ಪೋಲೀಸಿನವರ ಸಂಬಳ ಬರುವುದು ರಾಜ್ಯದ ಬೊಕ್ಕಸದಿಂದ. ಬೆಂಕಿಪೆಟ್ಟಿಗೆ ಕೊಳ್ಳುವ ಭಿಕ್ಷುಕನ ತೆರಿಗೆಯೂ ಆ ಬೊಕ್ಕಸದಲ್ಲಿ ಸೇರಿದೆ.

ಹಣವು ಎಲ್ಲಿಂದ ಬರುವುದೋ ಅತ್ತ ಕಾವಲಿನ ಕಣ್ಣು ಹೊರಳುವುದೆಂಬುದಕ್ಕೆ ಒಂದು ದೃಷ್ಟಾಂತವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಅದು ನಮ್ಮ ದೇಶದ್ದಲ್ಲ, ಇಂಗ್ಲೆಂಡಿನದು. ಆದರೆ ನಮ್ಮ ಇಂದಿನ ಪೋಲೀಸು ಪದ್ಧತಿಯನ್ನು ಇಲ್ಲಿ ಕಟ್ಟಿದವರು ಆ ದೇಶದವರೇ ಆದುದರಿಂದ ಅಪ್ರಸ್ತುತವಾಗಲಾರದು. 1798ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ರೇವಿನಲ್ಲಿ ಹಡಗುಗಳ ಸರಕು ಬಹಳವಾಗಿ ಕಳುವಾಗುತ್ತಿದ್ದಿತು. ಪ್ಯಾಟ್ರಿಕ್ ಕಾಲ್ಕುಹೂನ್, ಜಾನ್ ಹ್ಯಾರಿಯಟ್ ಎಂಬಿಬ್ಬರು ಒಂದು ನದೀ ಪೋಲೀಸು ದಳವನ್ನು ಏರ್ಪಡಿಸಿದರು. ಅದರ ವೆಚ್ಚದ ಬಹುಭಾಗವನ್ನು ಕೊಟ್ಟವರು ವೆಸ್ಟ್ ಇಂಡೀಸ್ ದ್ವೀಪಗಳ ಸಕ್ಕರೆಯ ವರ್ತಕರೂ ತೋಟದ ಒಡೆಯರೂ. ದಳವು ಚೆನ್ನಾಗಿಯೇ ಕೆಲಸ ಮಾಡಿತು, ಕಳವು ಬಹಳ ಮಟ್ಟಿಗೆ ತಗ್ಗಿತು. ಆದರೆ ಪೀಪಾಯಿಯಿಂದ ನೆಲಕ್ಕೆ ಸುರಿದ ಸಕ್ಕರೆಯನ್ನು ಗುಡಿಸಿಕೊಂಡು ಹೋಗುವುದು ತಮ್ಮ ಕೂಲಿಯ ಒಂದು ಭಾಗವೆಂದು ಬಹುಕಾಲದಿಂದ ನಂಬಿದ್ದ ಹಮಾಲರೂ ಆ ದಳದ ಕಣ್ಣಿಗೆ ಕಳ್ಳರಾಗಿ ಕಂಡರು. ಅದೇ ವರ್ಷದ ಅಕ್ಟೋಬರಿನಲ್ಲಿ ಕೂಲಿಕಾರರು ಠಾಣೆಯ ಮೇಲೆ ಬಿದ್ದರು, ದೊಂಬಿಯಲ್ಲಿ ಜೀವಹಾನಿಯಾಯಿತು. ಇನ್ನೊಂದು ಸಂಗತಿಯನ್ನು ಯೋಚಿಸಿರಿ. ಆ ಸಕ್ಕರೆಯನ್ನು ಬೆಳೆದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಒಂದು ಬೊಗಸೆ ಸಕ್ಕರೆಯ ಕಳವನ್ನು ಹಿಡಿಯಲು ದೋಣಿಗಳು ಹಗಲಿರುಳು ತಿರುಗಿದುವು. ಮನುಷ್ಯರನ್ನೇ ಕದ್ದು ತಂದವರು ದಳದ ದಾತಾರರಾಗಿದ್ದರು. ಎರಡು ವರ್ಷಗಳೊಳಗಾಗಿ, ಎಂದರೆ 1800ರಲ್ಲಿ, ಆ ದೇಶದ ಪಾರ್ಲಿಮೆಂಟು ಶಾಸನ ಮಾಡಿ ದಳವನ್ನು ಸರಕಾರದ ವಶಕ್ಕೆ ತೆಗೆದುಕೊಂಡಿತು. ವರ್ತಕರ ಕಾವಲು ಸಾರ್ವಜನಿಕರ ಕಾವಲಾಗಲು ಅದೊಂದೇ ದಾರಿ.

ವಿಜಯನಗರದ ವಿಷಯದಲ್ಲಿಯೂ ಇಂಥದೊಂದು ಮಾತುಂಟು. ಸಭಾಮರ್ಯಾದೆಗಾಗಿ ಚಿಕ್ಕದಾಗಿ ಹೇಳುವೆನು. 1443ರಲ್ಲಿ ಅಲ್ಲಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕನು, ಪಟ್ಟಣದ ಕಾವಲಿನವರು 12,000 ಮಂದಿಯೆಂದೂ, ಅವರ ಸಂಬಳವು ವೇಶ್ಯಾವಾಟಿಕೆಗಳ ಉತ್ಪತ್ತಿಯಿಂದ ನಡೆಯುತ್ತಿದ್ದಿತೆಂದೂ ಬರೆದಿಟ್ಟಿದ್ದಾನೆ. ಆ ಬೀದಿಯ ಹೆಂಗಸರು ತಮಗಾದ ಅನ್ಯಾಯವನ್ನು ಯಾವ ಕಾವಲಿನವನಲ್ಲಿ ಹೇಳಿಕೊಂಡಾರು?

ಇನ್ನು ನನ್ನ ತಪ್ಪಿನ ಕಥೆ.

ಕೆಲವು ವರ್ಷಗಳ ಹಿಂದೆ ಒಂದು ಠಾಣೆಗೆ ಬರುವ ಜನರು ಬಿಸಿಲಿನಲ್ಲಿ ನಿಂತಿರುತ್ತಿದ್ದರು. ಅನುಕೂಲವಂತರಾದ ಒಬ್ಬ ಭಕ್ತರು ಇದನ್ನು ನೋಡಿ ಮರುಗಿ, ನೆರಳಿಗೆ ತಗಡಿನ ಚಪ್ಪರವನ್ನೂ ಕುಳ್ಳಿರಲು ನಾಲ್ಕು ಬೆಂಚುಗಳನ್ನೂ ಕುಡಿಯುವ ನೀರಿನ ಯಂತ್ರವನ್ನೂ ಕೊಟ್ಟರು. ಒಳ್ಳೆಯ ಕೆಲಸವೇ. ಬೆಂಚಿನ ಬೆನ್ನಹಲಗೆಯ ಮೇಲೆ ಏನಾದರೂ ಬರೆಯಿಸಬೇಕೆಂದು ನನ್ನನ್ನು ಕೇಳಿದರು. ನಾನು ಉತ್ಸಾಹದಿಂದ ಅವರ ಹೆಸರನ್ನೂ ಮನೆತನವನ್ನೂ ಔದಾರ್ಯವನ್ನೂ ಹೊಗಳಿ ಒಂದು ಕಂದಪದ್ಯವನ್ನೇ ಕಟ್ಟಿಕೊಟ್ಟೆನು. ಪ್ರಾಸವು ಚೆನ್ನಾಗಿ ಕೂಡಿತೆಂದು ನನಗೆ ಹೆಮ್ಮೆಯೂ ಆಯಿತು. ಬಣ್ಣದವನು ಅದನ್ನು ದಪ್ಪಕ್ಷರಗಳಲ್ಲಿ ಬರೆದನು.

ಮರುವರ್ಷ ಬೇಸಗೆಯಲ್ಲಿ ಒಬ್ಬ ಮುದುಕಿಯು ಪ್ರಸಾದದ ಹೊತ್ತಿಗೆ ಮಠಕ್ಕೆ ಬಂದು, ಎಲ್ಲರೂ ಎದ್ದುಹೋದ ಮೇಲೆಯೂ ಕಂಬಕ್ಕೆ ಒರಗಿ ಕುಳಿತಿದ್ದಳು. ಏನೆಂದು ವಿಚಾರಿಸಿದೆನು. ಅವಳಿಗೆ ಒಂದು ತುಂಡು ಹೊಲವಿದೆ. ಅದರ ಗಡಿಕಲ್ಲನ್ನು ನೆರೆಹೊಲದವರು ಒಳಕ್ಕೆ ಸರಿಸಿದ್ದರು. ಫಿರ್ಯಾದು ಕೊಡಲೆಂದು ಆರು ಮೈಲು ನಡೆದು ಠಾಣೆಗೆ ಹೋಗಿ, ಚಪ್ಪರದ ಕೆಳಗೆ ಬೆಂಚಿನ ಮೇಲೆ ಕುಳಿತಳು. ಓದು ಬರದವಳು, ಪಕ್ಕದ ಹುಡುಗನೊಬ್ಬನನ್ನು ಇಲ್ಲಿ ಏನು ಬರೆದಿದೆಯೆಂದು ಕೇಳಿದಳು. ಅವನು ಓದಿದನು. ಹೆಸರನ್ನು ಕೇಳಿದೊಡನೆ ಎದ್ದು ಇತ್ತ ಬಂದುಬಿಟ್ಟಳು. ನೆರೆಹೊಲದವರೆಂದರೆ ಆ ದಾತರೇ.

“ಅವರ ಬಾಕಿನ ಮ್ಯಾಲ ಕುಂತು ಅವರ ಮ್ಯಾಲ ಹ್ಯಾಂಗ ಫಿರ್ಯಾದಿ ಕೊಡ್ಲೆಪ್ಪಾ?” ಎಂದಳು.

ಠಾಣೆಯ ಅಧಿಕಾರಿಯು ಸಜ್ಜನನು. ಅವನು ಅವಳನ್ನು ಗದರಿಸಿರಲಿಲ್ಲ. ಅವಳ ಮುಖವನ್ನೇ ನೋಡಿರಲಿಲ್ಲ. ದಾತರೂ ಯಾರ ಕಿವಿಯಲ್ಲಿಯೂ ಏನನ್ನೂ ಹೇಳಿರಲಿಲ್ಲ. ಲಂಚವಿಲ್ಲ, ಒತ್ತಾಯವಿಲ್ಲ, ದುರುದ್ದೇಶವಿಲ್ಲ. ಅವಳನ್ನು ಠಾಣೆಯ ಬಾಗಿಲಿನಿಂದ ಹಿಂದಕ್ಕಟ್ಟಿದುದು ನನ್ನ ಕಂದಪದ್ಯ. ಮರುದಿನ ನಾನೇ ಅವಳನ್ನು ಕರೆದುಕೊಂಡು ಹೋದೆನು. ಫಿರ್ಯಾದು ದಾಖಲಾಯಿತು, ಅಳತೆಯವರು ಬಂದರು, ಕಲ್ಲು ತನ್ನ ಸ್ಥಳಕ್ಕೆ ಮರಳಿತು. ಆಳುಗಳು ತಮಗೆ ತಿಳಿಸದೆ ಹಾಗೆ ಮಾಡಿದ್ದರೆಂದು ದಾತರು ಹೇಳಿದರು. ಅದರ ವಿಚಾರಣೆ ನನ್ನದಲ್ಲ. ಆದರೆ ಮಠದವನೊಬ್ಬನು ಜೊತೆಯಲ್ಲಿ ಬಾರದೆ ಅವಳು ಆ ಮೆಟ್ಟಲನ್ನು ಹತ್ತಲಾರದೆ ಹೋದಳೆಂಬುದು ನನ್ನನ್ನು ಈಗಲೂ ಕೊರೆಯುತ್ತಿದೆ.

ದಾನಕ್ಕೂ ದಾಸೋಹಕ್ಕೂ ಇರುವ ಭೇದವನ್ನು ಇಪ್ಪತ್ತೈದು ವರ್ಷಗಳಿಂದ ಪಾಠ ಹೇಳುತ್ತಿರುವವನು ನಾನು. ದಾನದಲ್ಲಿ ಕೊಡುವವನ ಕೈ ಮೇಲಿರುವುದು. ದಾಸೋಹದಲ್ಲಿ ಕೊಡುವವನು ದಾಸನು. ಕೊಟ್ಟೆನೆಂಬ ನೆನಪೂ ಅವನಿಗೆ ಭಾರವಾಗಬೇಕು. ಇದನ್ನು ಶಿಷ್ಯರಿಗೆ ಹೇಳಿಕೊಟ್ಟೆನು. ಬೆಂಚಿನ ಬಳಿ ಮರೆತೆನು. ಅನ್ನಛತ್ರದಲ್ಲಿ ದಾತನ ಹೆಸರಿದ್ದರೆ ಹಸಿದವನು ಉಣ್ಣದೆ ಹೋಗಲಾರನು. ನ್ಯಾಯದ ಬಾಗಿಲು ಹಾಗಲ್ಲ. ಅಲ್ಲಿ ಹೆಸರು ಕಂಡರೆ ಸಾಕು, ದುರ್ಬಲನು ಹಿಂದಿರುಗುವನು. ಪಟ್ಟಣಗಳ ಕೂಡುದಾರಿಗಳಲ್ಲಿ ಪೋಲೀಸಿನವರ ಅಡ್ಡಗಟ್ಟುಗಳ ಮೇಲೆ ಚಿನ್ನದಂಗಡಿಗಳ ಹೆಸರುಗಳನ್ನು ಕಂಡಾಗಲೆಲ್ಲ ನನಗೆ ಆ ಮುದುಕಿಯ ನೆನಪಾಗುವುದು.

ಹಾಗಾದರೆ ಹೆಸರನ್ನು ಮರೆಮಾಡಿ ಗುಟ್ಟಾಗಿ ಕೊಟ್ಟರಾಯಿತೇ ಎಂದು ಕೇಳಬಹುದು. ಅದೂ ಆಗದು. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 2016ರಲ್ಲಿ ವಿಮಾನದಿಂದ ಇಡೀ ಪಟ್ಟಣದ ಚಿತ್ರಗಳನ್ನು ತೆಗೆದು, ಬೀದಿಯಲ್ಲಿ ಓಡಾಡುವವರ ಜಾಡು ಹಿಡಿಯುವ ಪ್ರಯೋಗವನ್ನು ಪೋಲೀಸರು ನಡೆಸಿದರು. ಅದರ ಖರ್ಚನ್ನು ಕೊಟ್ಟವರು ಬೇರೊಂದು ರಾಜ್ಯದ ಶ್ರೀಮಂತ ದಂಪತಿಗಳು. ಸರಕಾರದ ಹಣವಲ್ಲವಾದುದರಿಂದ ನಗರಸಭೆಯ ಮುಂದೆ ವಿಷಯವೇ ಬರಲಿಲ್ಲ. ಪತ್ರಿಕೆಯವರು ಬಯಲಿಗೆಳೆದಾಗ ಊರು ಬೆಚ್ಚಿತು. 2020ರಲ್ಲಿ ಬಹಿರಂಗವಾಗಿಯೇ ಮತ್ತೊಮ್ಮೆ ನಡೆಯಿಸಿದ ಅಂಥ ಪ್ರಯೋಗವನ್ನು 2021ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವು ಸಂವಿಧಾನಬಾಹಿರವೆಂದಿತು. ದಾತರ ಮನಸ್ಸು ಕೆಟ್ಟದೆಂದು ನಾನು ಹೇಳಲಾರೆನು. ಆದರೆ ಬೊಕ್ಕಸದ ಹಣವಾದರೆ ಲೆಕ್ಕ ಕೇಳುವವರಿರುತ್ತಾರೆ. ಗುಟ್ಟಿನ ಕಾಣಿಕೆಗೆ ಆ ಕಾಟವಿಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರವನ್ನು ಬರಿದು ಮಾಡಿದರೆಂದು ಚಾಡಿ ಹೇಳಿದಾಗ, ಅವರು ಭಂಡಾರದ ಬಾಗಿಲನ್ನು ತೆರೆದು ಎಣಿಸಿಕೊಳ್ಳಿರೆಂದರೆಂದು ಪುರಾಣಗಳು ಹೇಳುವುವು. ನಮಗೆ ಬೇಕಾದುದು ಆ ತೆರೆದ ಬಾಗಿಲು. ಲೆಕ್ಕವು ಎಲ್ಲರಿಗೂ ತಿಳಿದಿರಲಿ. ಹೆಸರು ಠಾಣೆಯ ಗೋಡೆಯ ಮೇಲೆ ಇರದಿರಲಿ.

ಕೆಮರಾಗಳ ವಿಷಯದಲ್ಲಿ ಒಂದು ಮಾತು. ಬೀದಿಗೆ ಕೆಮರಾ ಕೊಡುವೆನೆಂದು ನಾಲ್ವರು ಮುಂದೆ ಬಂದಿದ್ದಾರೆ. ಠಾಣೆಯ ಒಳಗಿನ ಬಂದೀಖಾನೆಯ ಮುಂದೆ ಇಡಲು ಒಬ್ಬರೂ ಬಂದಿಲ್ಲ! 2020ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಎಲ್ಲ ಠಾಣೆಗಳಲ್ಲಿಯೂ, ಬಂದಿಗಳನ್ನಿಡುವ ಕೋಣೆಗಳ ಬಳಿಯಲ್ಲಿಯೂ ಕೆಮರಾಗಳಿರಬೇಕೆಂದು ಅಪ್ಪಣೆಮಾಡಿತು. ಅದು ಸರಕಾರದ ಹೊಣೆ, ನಾವು ಕೊಡಬೇಕಾಗಿಲ್ಲ. ಇನ್ನು ಜನ ನೆರೆಯುವ ಸ್ಥಳಗಳಲ್ಲಿ ಆಯಾ ಸ್ಥಳದವರೇ ಕೆಮರಾ ಇಡತಕ್ಕದ್ದೆಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಶಾಸನವು ವಿಧಿಸಿದೆ. ನಮ್ಮ ಮಹಾದ್ವಾರಕ್ಕೂ ಪ್ರಸಾದನಿಲಯಕ್ಕೂ ಬೇಕಾದುದನ್ನು ನಾವು ಇಟ್ಟುಕೊಳ್ಳೋಣ. ಊರವರ ಬಾಗಿಲಿನತ್ತ ತಿರುಗಿಸುವ ಕೆಲಸ ನಮ್ಮದಲ್ಲ. ಜೀಪಿನ ಸೂಚನೆಯನ್ನೂ ಕೈಬಿಡುವುದೇ ಲೇಸು. ಜೀಪು ಕೊಟ್ಟವನನ್ನೇ ನಾಳೆ ಎಣ್ಣೆಗೂ ಚಕ್ರಕ್ಕೂ ಕೇಳುವರು. ಅಷ್ಟು ಕೇಳಿಸಿಕೊಂಡವನು ತಾನೂ ಏನನ್ನಾದರೂ ಕೇಳದೆ ಇರಲಾರನು.

ಮಳೆಯಂಗಿ, ಕೈದೀಪ, ಹೊಳೆಯುವ ಅಂಗಿಗಳನ್ನು ಕೊಡುವುದರಲ್ಲಿ ನನಗೆ ಆಕ್ಷೇಪಣೆಯಿಲ್ಲ. ಅವು ಇರುಳಿನಲ್ಲಿ ದಾರಿಯಲ್ಲಿ ನಿಲ್ಲುವವನ ಪ್ರಾಣವನ್ನು ಕಾಯುವುವು. ಜಿಲ್ಲೆಯ ಮೇಲಧಿಕಾರಿಗಳಿಗೆ ಬರೆದು, ಅವರ ಮೂಲಕ ಒಪ್ಪಿಸಿ, ರಸೀತಿ ಪಡೆದು, ಮುಂದಿನ ಜಾತ್ರೆಯಲ್ಲಿ ಲೆಕ್ಕವನ್ನು ಸಭೆಯ ಮುಂದೆ ಓದತಕ್ಕದ್ದು.

ಆದರೆ ನಿಧಿಯ ಹೆಚ್ಚಿನ ಭಾಗವು ಹೋಗಬೇಕಾದುದು ಇದಕ್ಕಲ್ಲ. 1959ನೆಯ ಅಕ್ಟೋಬರ್ 21ರಂದು ಲಡಾಖಿನ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ ಚೀನೀಯರ ಗುಂಡಿಗೆ ಹತ್ತು ಮಂದಿ ಪೋಲೀಸಿನವರು ಬಲಿಯಾದರು. ಪ್ರತಿ ವರ್ಷವೂ ಆ ದಿನ ದೇಶದಲ್ಲೆಲ್ಲ ಮಡಿದ ಪೋಲೀಸಿನವರನ್ನು ಸ್ಮರಿಸುವುದುಂಟು. ಸ್ಮರಣೆಯಾದ ಮೇಲೆ ಅವರ ಮಕ್ಕಳು ಎಲ್ಲಿ ಓದುತ್ತಾರೆ? ನಮ್ಮಲ್ಲಿ ಉಚಿತ ಪ್ರಸಾದನಿಲಯವಿದೆ, ಪಾಠಶಾಲೆಯಿದೆ. ಕರ್ತವ್ಯದಲ್ಲಿ ಮಡಿದ ಅಥವಾ ಅಂಗಹೀನನಾದ ಪೇದೆಯ, ಗೃಹರಕ್ಷಕನ, ಸ್ವಯಂಸೇವಕನ ಮಕ್ಕಳಿಗೆ, ಯಾವ ಜಾತಿ ಮತದವರೇ ಆಗಲಿ, ಇಲ್ಲಿ ಅನ್ನವೂ ವಿದ್ಯೆಯೂ ದೊರೆಯುವಂತೆ ದತ್ತಿಯನ್ನಿಡೋಣ. ನೆತ್ತರುಗೊಡಗೆಯೆಂಬ ಹೆಸರನ್ನೇ ಅದಕ್ಕೆ ಇಡಬಹುದು.

ಸ್ವಯಂಸೇವಕರ ವಿಚಾರದಲ್ಲಿ ನನಗೆ ಸಂದೇಹವೇ ಇಲ್ಲ. ಗೃಹರಕ್ಷಕ ದಳವು ಮೊದಲು ಹುಟ್ಟಿದುದು 1946ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ. ಧಾರವಾಡ, ಬೆಳಗಾವಿ, ವಿಜಾಪುರಗಳು ಆಗ ಆ ಪ್ರಾಂತಕ್ಕೆ ಸೇರಿದ್ದುವು. ಗಲಭೆಯ ಆ ಕಾಲದಲ್ಲಿ ಪೋಲೀಸಿನವರಿಗೆ ನೆರವಾಗಲು ಸಾಮಾನ್ಯ ನಾಗರಿಕರು ಮುಂದೆ ಬಂದರು. ಜನಸಂದಣಿಯ ಅಪಾಯವನ್ನು ನಾನು ವರ್ಣಿಸಬೇಕಾಗಿಲ್ಲ. 2025ನೆಯ ಜೂನ್ 4ರಂದು ಬೆಂಗಳೂರಿನ ಕ್ರೀಡಾಂಗಣದ ಬಾಗಿಲುಗಳ ಬಳಿ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಬಹುಮಂದಿ ಎಳೆಯ ವಯಸ್ಸಿನವರು. ನಮ್ಮ ತೇರಿನ ದಿನ ಹಗ್ಗದ ಎರಡು ಬದಿಗಳಲ್ಲಿಯೂ ಗಾಲಿಯ ಬಳಿಯಲ್ಲಿಯೂ ಎಚ್ಚರವಾಗಿ ನಿಲ್ಲುವ ಇನ್ನೂರು ಮಂದಿ ತರುಣರು ದೊರೆತರೆ ಅದು ಹತ್ತು ಜೀಪುಗಳಿಗಿಂತ ದೊಡ್ಡ ಕಾಣಿಕೆ. ಆದರೆ ಅವರ ಕೈಯಲ್ಲಿ ಕೋಲು ಇರಕೂಡದು. ಛತ್ತೀಸಗಢದಲ್ಲಿ ಹಳ್ಳಿಯ ತರುಣರನ್ನು ವಿಶೇಷ ಪೋಲೀಸರೆಂದು ಮಾಡಿ ಆಯುಧ ಕೊಟ್ಟುದನ್ನು 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆಯಿತು. ತರಬೇತಿಯಿಲ್ಲದ ಕೈಗೆ ಅಧಿಕಾರ ಬಂದರೆ ಅದು ಮೊದಲು ನೆರೆಮನೆಯವನ ಮೇಲೆ ಏಳುವುದು. ನಮ್ಮ ದಳದವರಿಗೆ ಹಗ್ಗ, ಸೀಟಿ, ನೀರಿನ ತಂಬಿಗೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಸಾಕು. ತಪ್ಪಿಸಿಕೊಂಡ ಮಕ್ಕಳನ್ನು ತಾಯಿಗೆ ಒಪ್ಪಿಸುವ ಕೆಲಸವೇ ಅವರಿಗೆ ದಿನವೆಲ್ಲ ಇರುವುದು. ಹೆಣ್ಣುಮಕ್ಕಳೂ ದಳದಲ್ಲಿರಬೇಕು, ಗುಂಪಿನಲ್ಲಿ ಬಳಲಿದ ಹೆಂಗಸಿಗೆ ಹೆಂಗಸೇ ಕೈಕೊಡಬೇಕು.

ಮತ್ತೊಂದು ಕೆಲಸವನ್ನೂ ಅವರಿಗೆ ಒಪ್ಪಿಸಬೇಕೆಂದು ಶ್ರೀ ಸನ್ನಿಧಿಯಲ್ಲಿ ಬಿನ್ನವಿಸಿಕೊಂಡಿದ್ದೇನೆ. ವಾರಕ್ಕೆರಡು ದಿನ, ಓದು ಬರೆಹ ಬಲ್ಲ ಇಬ್ಬರು ಠಾಣೆಯ ಹೊರಗೆ, ಆ ಚಪ್ಪರದ ಕೆಳಗೆ ಕುಳಿತಿರಬೇಕು. ಬರೆಯಲು ಬಾರದವರ ಫಿರ್ಯಾದನ್ನು ಬರೆದುಕೊಟ್ಟು, ಅವರಿಗೇ ಓದಿ ಹೇಳಿ, ಒಳಗೆ ಹೋಗುವಾಗ ಜೊತೆಯಲ್ಲಿ ಹೋಗಬೇಕು. ಯಾರ ಮೇಲಿನ ಫಿರ್ಯಾದೆಂದು ಕೇಳಕೂಡದು. ಮಠದವರ ಮೇಲಿನದೇ ಆದರೂ ಬರೆದುಕೊಡತಕ್ಕದ್ದು.

ಬೆಂಚನ್ನು ಕೊಟ್ಟ ಮಹನೀಯರು ಈ ಸಭೆಯಲ್ಲಿಯೇ ಇದ್ದಾರೆ. ಅವರ ಅಪ್ಪಣೆಯನ್ನು ಪಡೆದೇ ಈ ಸಂಗತಿಯನ್ನು ಹೇಳಿದೆನು. ಕಳೆದ ಸೋಮವಾರ ಅವರೇ ಬಡಗಿಯನ್ನು ಕಳುಹಿಸಿ ಅಕ್ಷರಗಳನ್ನು ಹೆರೆಯಿಸಿದರು. ಕಂದಪದ್ಯದ ಪ್ರತಿಯು ನನ್ನಲ್ಲಿಯೂ ಇಲ್ಲ.

ದಳಕ್ಕೆ ಸೇರತಕ್ಕವರು ಪ್ರಸಾದವಾದ ಬಳಿಕ ಪಾಠಶಾಲೆಯ ಪಡಸಾಲೆಗೆ ಬಂದು ಹೆಸರು ಕೊಡಬೇಕು. ಹಣ ಕೊಡತಕ್ಕವರಿಗೆ ಬೇರೆ ಪಟ್ಟಿಯನ್ನಿಟ್ಟಿಲ್ಲ. ಹುಂಡಿಯು ಗದ್ದಿಗೆಯ ಎಡಬದಿಯಲ್ಲಿದೆ.